ಅದೇ ಸಾಲು, ಬೇರೆ ಕಣ್ಣು

ಕಥೆ, ಕಾದಂಬರಿ ಓದುವವರು ಇತರರ ಮನಸ್ಸನ್ನು ಉಳಿದವರಿಗಿಂತ ಚೆನ್ನಾಗಿ ಅರಿಯುತ್ತಾರೆ ಎಂಬ ಮಾತನ್ನು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದವನು. ಓದುವವರನ್ನೇ ಹೊಗಳುವ ಮಾತಾದ್ದರಿಂದ ಅದನ್ನು ಪರೀಕ್ಷಿಸಬೇಕೆಂದು ನನಗೆ ಅನ್ನಿಸಿರಲೇ ಇಲ್ಲ. 2013ರಲ್ಲಿ ಡೇವಿಡ್ ಕಿಡ್ ಮತ್ತು ಇಮ್ಯಾನುಯೆಲೆ ಕಾಸ್ಟಾನೋ ಎಂಬ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಈ ನಂಬಿಕೆಗೆ ಬಲ ಕೊಟ್ಟಿತ್ತು: ಸಾಹಿತ್ಯಿಕ ಕಥೆಯ ತುಣುಕೊಂದನ್ನು ಓದಿದವರು, ಓದಿದ ಬೆನ್ನಿಗೇ, ಬರಿಯ ಕಣ್ಣುಗಳ 36 ಚಿತ್ರಗಳನ್ನು ನೋಡಿ ಅವುಗಳ ಹಿಂದಿನ ಭಾವವನ್ನು ಹೆಸರಿಸುವ ಪರೀಕ್ಷೆಯಲ್ಲಿ ಮೇಲುಗೈ ಪಡೆದರಂತೆ. ಆದರೆ ‘ನೇಚರ್’ ಮತ್ತು ‘ಸೈನ್ಸ್’ ಪತ್ರಿಕೆಗಳಲ್ಲಿ ಬಂದಿದ್ದ 21 ಸಮಾಜವಿಜ್ಞಾನದ ಪ್ರಯೋಗಗಳನ್ನು ಹೆಚ್ಚು ಜನರೊಂದಿಗೆ ಮತ್ತೊಮ್ಮೆ ನಡೆಸಿದ ತಂಡವೊಂದು 2018ರಲ್ಲಿ ಫಲಿತಾಂಶ ಪ್ರಕಟಿಸಿದಾಗ 13 ಪ್ರಯೋಗಗಳು ನಿಂತವು, ಎಂಟು ಬಿದ್ದವು. ಬಿದ್ದವುಗಳಲ್ಲಿ ಇದೂ ಒಂದು.

ನನಗೆ ಬೇಸರವಾಯಿತು ಎಂದೇನೂ ಹೇಳಲಾರೆ. ಓದು ನಮ್ಮನ್ನು ಹೇಗೆ ಬದಲಾಯಿಸುತ್ತದೆ ಎಂಬುದಕ್ಕಿಂತ, ಈಗಾಗಲೇ ಒಬ್ಬರಿಗಿಂತ ಒಬ್ಬರು ಬೇರೆಯಾಗಿರುವ ನಾವು ಒಂದೇ ಕಥೆಯನ್ನು ಹೇಗೆ ಬೇರೆ ಬೇರೆಯಾಗಿ ಓದುತ್ತೇವೆ ಎಂಬ ಪ್ರಶ್ನೆಯೇ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನಗೆ ತೋರುತ್ತದೆ. ಕಣ್ಚಲನೆಯ ಅಧ್ಯಯನಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಹರಿದುಹೋಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ನಿಂತು ನಿಂತು ಜಿಗಿಯುತ್ತದೆ. ಇಂಗ್ಲಿಷ್ ಓದುಗರ ಲೆಕ್ಕದಲ್ಲಿ ಒಂದೊಂದು ನಿಲುಗಡೆ ಸರಾಸರಿ 200ರಿಂದ 250 ಮಿಲಿಸೆಕೆಂಡು. ಒಂದೊಂದು ಜಿಗಿತ ಏಳೆಂಟು ಅಕ್ಷರಗಳಷ್ಟು ದೂರ. ಮೂರರಲ್ಲಿ ಒಂದರಷ್ಟು ಪದಗಳ ಮೇಲೆ ಕಣ್ಣು ನಿಲ್ಲುವುದೇ ಇಲ್ಲ. ನೂರು ಜಿಗಿತಗಳಲ್ಲಿ ಹತ್ತು ಹದಿನೈದು ಹಿಮ್ಮುಖವಾದವು. 1900ರ ಆಸುಪಾಸಿನಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ಮಂಡ್ ಹ್ಯೂಯಿ ಇದನ್ನು ದಾಖಲಿಸಲು ಓದುಗರ ಕಣ್ಣಿನ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲನ್ನೇ ಕೂರಿಸಿ, ಅದಕ್ಕೆ ಚಲನೆಯನ್ನು ತೋರಿಸುವ ಮುಳ್ಳೊಂದನ್ನು ಜೋಡಿಸಿದ್ದ. (ಒಪ್ಪಿ ಕುಳಿತವರ ಧೈರ್ಯಕ್ಕೆ ನಮಸ್ಕಾರ.) ಇಂದು ಗದ್ದವನ್ನು ಆಸರೆಯ ಮೇಲೆ ಊರಿ ಕುಳಿತರೆ ಸಾಕು, ಕಣ್ಣಿನಿಂದ ಪ್ರತಿಫಲಿಸುವ ಅವಗೆಂಪು ಬೆಳಕನ್ನು ಹಿಡಿದು ಕ್ಯಾಮೆರಾ ಸೆಕೆಂಡಿಗೆ ಸಾವಿರ ಸಲ ಲೆಕ್ಕ ಬರೆದುಕೊಳ್ಳುತ್ತದೆ.

ನೆದರ್ಲೆಂಡ್ಸ್‌ನ ನೈಮೇಗನ್ ನಗರದಲ್ಲಿ ಮಾರ್ಲೂಸ್ ಮಾಕ್ ಮತ್ತು ರೂಲ್ ವಿಲ್ಲೆಮ್ಸ್ ಇದೇ ಉಪಕರಣದಿಂದ ಸುಮಾರು 100 ಜನ ಸಣ್ಣಕಥೆಗಳನ್ನು ಓದುವುದನ್ನು ಗಮನಿಸಿ, 2019ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಪಾತ್ರದ ದೈಹಿಕ ಚಲನೆಯನ್ನು ಹೇಳುವ ಭಾಗಗಳಲ್ಲಿ ಓದು ವೇಗ ಪಡೆಯಿತು. ದೃಶ್ಯದ ವಿವರಗಳಲ್ಲಿ ಹಾಗೂ ಪಾತ್ರದ ಯೋಚನೆ, ಉದ್ದೇಶಗಳನ್ನು ಊಹಿಸಬೇಕಾದ ಭಾಗಗಳಲ್ಲಿ ನಿಧಾನವಾಯಿತು. ಇದು ಸರಾಸರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸರಾಸರಿಯಲ್ಲ, ಓದುಗರ ನಡುವಿನ ಅಂತರ: ಪಾತ್ರದ ಮನಸ್ಸು ಎದುರಾದಾಗ ಎಲ್ಲರ ಕಣ್ಣೂ ಒಂದೇ ಪ್ರಮಾಣದಲ್ಲಿ ತಡೆದು ನಿಲ್ಲುವುದಿಲ್ಲ.

ಇಲ್ಲಿಯೇ ನಾವು ಎಚ್ಚರ ತಪ್ಪುವುದು. ನಿಧಾನವಾದವನು ಸಹೃದಯಿ, ದಾಟಿ ಹೋದವನು ಒರಟ ಎಂದು ತೀರ್ಮಾನಿಸಿಬಿಡಲು ನಾಲಿಗೆ ತುರಿಸುತ್ತದೆ. ಆದರೆ ಪರರ ಮನಸ್ಸನ್ನು ಸುಲಭವಾಗಿ ಊಹಿಸಬಲ್ಲವರಿಗೆ ಆ ಸಾಲಿನಲ್ಲಿ ನಿಲ್ಲುವ ಅಗತ್ಯವೇ ಬಾರದಿರಬಹುದು. ಊಹಿಸಲು ಕಷ್ಟಪಡುವವರು ಅಲ್ಲಿಯೇ ತಡಕಾಡಬಹುದು. ಇನ್ನೊಬ್ಬರು ಆ ಪಾತ್ರವನ್ನು ಮೆಚ್ಚಿಯೇ ನಿಂತಿರಬಹುದು. ಮೂರೂ ಯಂತ್ರದ ಲೆಕ್ಕದಲ್ಲಿ ಮಿಲಿಸೆಕೆಂಡುಗಳಷ್ಟೇ. ಆದ್ದರಿಂದಲೇ ಇಂಥ ಅಧ್ಯಯನಗಳಲ್ಲಿ ಕಣ್ಣಿನ ದಾಖಲೆಯ ಜೊತೆಗೆ ಬೇರೆ ಪರೀಕ್ಷೆ, ಪ್ರಶ್ನಾವಳಿಗಳನ್ನೂ ಇಡುತ್ತಾರೆ. ಅಷ್ಟಾದರೂ, ಓದಿನಿಂದ ಸಾಮಾಜಿಕ ಅರಿವು ಬೆಳೆಯಿತೋ, ಅರಿವಿದ್ದವರು ಓದಿನ ಕಡೆಗೆ ಒಲಿದರೋ ಎಂಬುದು ಒಮ್ಮೆ ಮಾಡಿದ ಅಳತೆಯಿಂದ ಬಗೆಹರಿಯುವುದಿಲ್ಲ.

ಕನ್ನಡದ ವಾಕ್ಯವನ್ನು ಈ ಉಪಕರಣದ ಮುಂದಿಟ್ಟರೆ ಏನಾದೀತು ಎಂಬ ಕುತೂಹಲ ನನಗಿದೆ. “ಅವನು ಇನ್ನು ಬರುವುದೇ ಇಲ್ಲ ಎಂದುಕೊಂಡಳು” ಎಂಬ ಸಾಲನ್ನು ನೋಡಿ. “ಬರುವುದೇ ಇಲ್ಲ” ಎನ್ನುವವರೆಗೂ ಅದು ಕಥೆಗಾರ ಹೇಳುವ ಸತ್ಯದಂತೆ ಕಾಣುತ್ತದೆ. ಕೊನೆಯ ಪದ ಬಂದಾಗ ಅದು ಅವಳೊಬ್ಬಳ ಯೋಚನೆಯಾಗಿ, ಪ್ರಾಯಶಃ ತಪ್ಪು ಯೋಚನೆಯೂ ಆಗಿ ಮಾರ್ಪಡುತ್ತದೆ. ಯಾರ ಮನಸ್ಸಿನೊಳಗಿದ್ದೆವು ಎಂಬುದು ಹೊರಗೆ ಬರುವ ಬಾಗಿಲಲ್ಲಿ ತಿಳಿಯುವ ಭಾಷೆ ನಮ್ಮದು. ಆ ಕ್ಷಣದಲ್ಲಿ ಕಣ್ಣು ಹಿಂದಕ್ಕೆ ಹೋಗುವುದೇ, ಹೋಗದೆಯೇ ತಲೆ ಲೆಕ್ಕ ಸರಿಪಡಿಸಿಕೊಳ್ಳುವುದೇ, ಅದರಲ್ಲಿ ಓದುಗರಿಂದ ಓದುಗರಿಗೆ ಎಷ್ಟು ವ್ಯತ್ಯಾಸ?

ಕಳೆದ ವಾರ ಅಣ್ಣನ ಮಗಳು ಕಥೆಯೊಂದನ್ನು ಓದುತ್ತಿದ್ದಾಗ ಎದುರಿಗೆ ಕುಳಿತು ಅವಳ ಕಣ್ಣುಗಳನ್ನೇ ನೋಡುತ್ತಿದ್ದೆ. ಬರಿಗಣ್ಣಿಗೂ ಜಿಗಿತಗಳು ಕಾಣುತ್ತಿದ್ದವು. ಪುಟದ ನಡುವೆ ಒಂದು ಕಡೆ ಕಣ್ಣು ನಿಂತಿತು, ಸರ್ರನೆ ಮೇಲಿನ ಸಾಲಿಗೆ ಹೋಗಿ ಮತ್ತೆ ಇಳಿಯಿತು. ಏಕೆ ಹಿಂದಕ್ಕೆ ಹೋದೆ ಎಂದು ಕೇಳಿದೆ.

“ಎಲ್ಲಿ ಚಿಕ್ಕಪ್ಪಾ, ನಾನು ಮುಂದಕ್ಕೇ ಓದುತ್ತಿದ್ದೆನಲ್ಲ” ಎಂದಳು.