ಹಳೇ ಫೋರ್ ಬೈ ಫೋರ್ ಜೇಬು ಖಾಲಿ ಮಾಡೋದು ಬಂಕಲ್ಲಿ ಅಲ್ಲ

ಹಳೇ ಫೋರ್ ಬೈ ಫೋರ್ (ನಾಲ್ಕೂ ವೀಲ್ ಎಳೆಯೋ ಗಾಡಿ) ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ಮೈಲೇಜ್ ಎಷ್ಟು ಕೊಡುತ್ತೆ? ನನ್ನ ಕೇಳಿದ್ರೆ ಅದು ಕೊನೇಲಿ ಕೇಳ್ಬೇಕಾದ ಪ್ರಶ್ನೆ. ಡೀಸೆಲ್ ಖರ್ಚು ಕಣ್ಣಿಗೆ ಕಾಣುತ್ತೆ, ಗಾಡಿ ತೆಗೀದೇ ಇದ್ರೆ ಅದೂ ಇಲ್ಲ. ನಿಜವಾಗ್ಲೂ ಮುಳುಗಿಸೋದು ಅಂದಾಜಿನ ಮೇಲೆ ಪಾರ್ಟ್ಸ್ ಬದಲಾಯಿಸೋ ಚಾಳಿ. ಸದ್ದು ಬಂತಾ, ಬೇರಿಂಗ್ ಹಾಕು. ಹೋಗ್ಲಿಲ್ವಾ, ಯುಜೆ ಕ್ರಾಸ್ (ಶಾಫ್ಟ್ ತುದಿಯ ಕೀಲು) ಹಾಕು. ಇನ್ನೂ ಬರ್ತಿದ್ಯಾ, ಆಕ್ಸಲ್ ಒಳಗಿನ ಕ್ರೌನ್ ಗೇರ್ ಬಿಚ್ಚು. ಬಿಲ್ ಏರ್ತಾ ಹೋಗುತ್ತೆ, ಸದ್ದು ಇದ್ದಲ್ಲೇ ಇರುತ್ತೆ.

ನನಗೆ ತುಂಬಾ ಸಿಟ್ಟು ಬರೋ ವಿಷಯ ಆಯಿಲ್ ಸೀಲ್. ಹಿಂದಿನ ಆಕ್ಸಲ್‌ನಲ್ಲಿ ಆಯಿಲ್ ಸೋರ್ತಿದೆ ಅಂತ ಸೀಲ್ ಹಾಕಿಸ್ತಾರೆ, ಸ್ವಲ್ಪ ದಿನಕ್ಕೆ ಮತ್ತೆ ಸೋರುತ್ತೆ, ಸೀಲ್ ಡೂಪ್ಲಿಕೇಟ್ ಅಂತ ಬೈತಾರೆ, ಆದ್ರೆ ಹೌಸಿಂಗ್ ಮೇಲೆ ಕೆಸರು ಮೆತ್ಕೊಂಡು ಕೂತಿರೋ ಬ್ರೀದರ್ (ಒಳಗಿನ ಗಾಳಿ ಆಡೋ ಸಣ್ಣ ಕಿಂಡಿ) ಕಡೆ ಯಾರೂ ನೋಡಲ್ಲ. ಓಡ್ತಾ ಓಡ್ತಾ ಡಿಫರೆನ್ಷಿಯಲ್ (ಆಕ್ಸಲ್ ಮಧ್ಯದ ಗೇರ್ ಸೆಟ್) ಬಿಸಿ ಆಗುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ, ಬ್ರೀದರ್ ಕಟ್ಕೊಂಡಿದ್ರೆ ಆ ಒತ್ತಡ ಸೀಲ್ ದಾಟಿ ಆಯಿಲನ್ನ ಹೊರಗೆ ತಳ್ಳುತ್ತೆ, ಅದು ಬ್ರೇಕ್ ಲೈನರ್ ಮೇಲೆ ಬಿದ್ರೆ ಅದೂ ಹೋಯ್ತು. ನೀರಿಗಿಳಿದಾಗ ಇದರ ಉಲ್ಟಾ: ಬಿಸಿ ಹೌಸಿಂಗ್ ಗಪ್ಪಂತ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತೆ, ನೀರನ್ನ ಒಳಗೆ ಎಳ್ಕೊಳ್ಳುತ್ತೆ. ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಅದ್ದಿ ನೋಡಿ, ಆಯಿಲ್ ಹಾಲು ಬೆರೆಸಿದ ಹಾಗೆ ಬಿಳಿಚಿಕೊಂಡಿದ್ರೆ ಅವತ್ತೇ ಬದಲಾಯಿಸಿ. ಬ್ರೀದರ್‌ಗೆ ಒಂದು ರಬ್ಬರ್ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ತಂದು ಕಟ್ಟಿದ್ರೆ ಈ ಕಾಟ ಎಷ್ಟೋ ಕಮ್ಮಿ ಆಗುತ್ತೆ. ಗ್ಯಾರೇಜಲ್ಲಿ ಇದನ್ನ ಯಾರೂ ತಾವಾಗೇ ಹೇಳಲ್ಲ, ಇದ್ರಲ್ಲಿ ದುಡ್ಡಿಲ್ವಲ್ಲ!

ಮುಂದಿನ ವೀಲ್ ಎಳೀತಿಲ್ಲ ಅಂದ ಕೂಡ್ಲೇ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಎಳೆತವನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಗೇರ್ ಪೆಟ್ಟಿಗೆ) ಇಳಿಸೋಕೆ ಬಿಡ್ಬೇಡಿ. ಮ್ಯಾನುಯಲ್ ಹಬ್ (ಮುಂದಿನ ವೀಲನ್ನ ಆಕ್ಸಲ್‌ಗೆ ಕೈಯಲ್ಲೇ ಲಾಕ್ ಮಾಡೋದು) ಇರೋ ಗಾಡಿ ಆದ್ರೆ ಎಂಜಿನ್ ಆಫ್ ಮಾಡಿ, ಹಿಂದಿನ ವೀಲ್‌ಗೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಹಾಕಿ, ಎರಡೂ ಹಬ್ ಲಾಕ್ ಮಾಡಿ, ಫೋರ್ ಹೈಗೆ (ಮಾಮೂಲಿ ಸ್ಪೀಡಿನ ಫೋರ್ ವೀಲ್ ಗೇರ್) ಹಾಕಿ, ಮುಂದಿನ ಒಂದು ವೀಲ್ ಜಾಕ್ ಎತ್ತಿ ಕೈಯಲ್ಲಿ ತಿರುಗಿಸಿ. ಬಿಗಿಯಾಗಿ ನಿಂತ್ರೆ ಎಲ್ಲ ಸರಿ ಇದೆ. ವೀಲ್ ಸಲೀಸಾಗಿ ತಿರುಗ್ತಿದ್ದು ಟ್ರಾನ್ಸ್‌ಫರ್ ಕೇಸಿಂದ ಮುಂದಕ್ಕೆ ಬರೋ ಶಾಫ್ಟ್ ಅಲ್ಲಾಡ್ತಿಲ್ಲ ಅಂದ್ರೆ ಎರಡ್ರಲ್ಲಿ ಒಂದು ಹಬ್ ಕೈಕೊಟ್ಟಿದೆ, ಶಾಫ್ಟೂ ಜೊತೆಗೆ ತಿರುಗಿದ್ರೆ ಮಾತ್ರ ಟ್ರಾನ್ಸ್‌ಫರ್ ಕೇಸ್ ಕಡೆ ಹೋಗಿ. ಪೈಪಲ್ಲಿ ಗಾಳಿ ಎಳೆದು ಲಾಕ್ ಆಗೋ ವ್ಯಾಕ್ಯೂಮ್ ಹಬ್ ಇದ್ರೆ ಮೊದಲು ಪೈಪ್‌ಗಳನ್ನ ಬಗ್ಗಿಸಿ ನೋಡಿ, ವಯಸ್ಸಾದ ರಬ್ಬರ್ ಬಿರುಕು ಬಿಟ್ಟಿರುತ್ತೆ.

ಸದ್ದಿನ ವಿಷಯಕ್ಕೂ ಲೆಕ್ಕ ಇದೆ. ನಿಂತಲ್ಲೇ ರೇಸ್ ಮಾಡಿದಾಗ್ಲೂ ಅದುರಿದ್ರೆ ಎಂಜಿನ್ ಮೌಂಟಿಂಗ್ ನೋಡಿ, ಗಾಡಿ ಸ್ಪೀಡ್ ಜೊತೆ ಮಾತ್ರ ಅದುರಿದ್ರೆ ಟೈರು, ಶಾಫ್ಟು. ಫುಲ್ ಸ್ಟೇರಿಂಗ್ ತಿರುಗಿಸಿ ನಿಧಾನಕ್ಕೆ ಹೋಗುವಾಗ ಟಕ್ ಟಕ್ ಅಂದ್ರೆ ಮುಂದಿನ ಸಿವಿ ಜಾಯಿಂಟ್ (ವೀಲ್ ಹೊರಳಿದ್ರೂ ಎಳೆತ ಮುಟ್ಟಿಸೋ ಕೀಲು).

ಮತ್ತೆ ಮೈಲೇಜ್ ಗೋಳು. ಅರ್ಧ ಜನ ಲುಕ್‌ಗೋಸ್ಕರ ದೊಡ್ಡ ಟೈರ್ ಹಾಕಿ ಆಮೇಲೆ ಅಳ್ತಾರೆ. 215/75 ಆರ್ 15 ತೆಗೆದು 235/75 ಆರ್ 15 ಹಾಕಿದ್ರೆ ಟೈರ್ ವ್ಯಾಸ 703.5 ಮಿಮೀ ಇಂದ 733.5 ಮಿಮೀ ಆಗುತ್ತೆ, ಅಂದ್ರೆ ಮೀಟರಲ್ಲಿ 100 ಕಿಮೀ ತೋರಿಸುವಾಗ ಗಾಡಿ ಹತ್ತಿರ ಹತ್ತಿರ 104 ಓಡಿರುತ್ತೆ. ಮೈಲೇಜ್ ಸ್ವಲ್ಪ ನಿಜವಾಗ್ಲೂ ಬಿದ್ದಿರುತ್ತೆ, ಸ್ವಲ್ಪ ಮೀಟರ್ ಸುಳ್ಳು. ಫುಲ್ ಟೈಮ್ (ಯಾವಾಗ್ಲೂ ನಾಲ್ಕೂ ವೀಲ್ ಎಳೆಯೋ) ಫೋರ್ ವೀಲ್ ಡ್ರೈವ್ ಆಗಿದ್ರೆ ಒಂದೇ ಒಂದು ಹೊಸ ಟೈರ್ ಹಾಕಿ ಉಳಿದ ಮೂರು ಸವೆದಿದ್ದು ಬಿಡೋ ಜಿಪುಣತನ ಬೇಡ್ವೇ ಬೇಡ, ಸುತ್ತಳತೆ ಬೇರೆ ಆದ್ರೆ ಮಧ್ಯದ ಡಿಫರೆನ್ಷಿಯಲ್‌ಗೆ ನೇರ ರೋಡಲ್ಲೂ ಬಿಡುವಿಲ್ಲ. ಪಾರ್ಟ್ ಟೈಮ್ (ಬೇಕಾದಾಗ ಮಾತ್ರ ಫೋರ್ ವೀಲ್ ಹಾಕೋ) ಗಾಡಿಯವರು ಒಣ ಟಾರ್ ರೋಡಲ್ಲಿ ಫೋರ್ ಹೈ ಹಾಕ್ಕೊಂಡು ಶೋ ಕೊಡೋದೂ ಅಷ್ಟೇ ದುಬಾರಿ.

ಇನ್ನೂ ತಗೊಂಡಿಲ್ಲ ಅನ್ನೋರು ಎಂಜಿನ್ ಸದ್ದು ಕೇಳಿ ಮರುಳಾಗೋ ಮುಂಚೆ ಕೆಳಗೆ ಮಲಗಿ ಚಾಸಿ (ಗಾಡಿಯ ಕಬ್ಬಿಣದ ಚೌಕಟ್ಟು) ನೋಡಿ. ಎಂಜಿನ್ ರೀಬೋರ್ ಮಾಡಿಸ್ಬಹುದು, ಗೇರ್‌ಬಾಕ್ಸ್ ಬೇರೆ ಕೂರಿಸ್ಬಹುದು. ಸ್ಪ್ರಿಂಗ್ ಕೂರೋ ಜಾಗದ ಹತ್ರ ಸಣ್ಣ ಸುತ್ತಿಗೇಲಿ ತಟ್ಟಿ, ಠಣ್ ಅನ್ನೋ ಬದ್ಲು ಮಂಕಾಗಿ ಕೇಳಿಸಿ ತುಕ್ಕು ಉದುರಿದ್ರೆ ಎಷ್ಟು ಕಮ್ಮಿಗೆ ಕೊಟ್ರೂ ಆ ಗಾಡಿ ಬೇಡ.