ಬಾಯಾರಿದರೆ ಮಗು ಏನು ಕುಡಿಯುತ್ತೆ?

ಫಿನ್ಲೆಂಡಿನ ತಾಂಪೆರೆಗೆ ಬಂದು ಆರು ವರ್ಷವಾಯಿತು. ಮಗಳಿಗೆ ಮೂರು ತುಂಬಿದಾಗ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ನರ್ಸ್ ತೂಕ, ಎತ್ತರ ಬರೆದುಕೊಂಡು, "ಬಾಯಾರಿದರೆ ಮಗು ಏನು ಕುಡಿಯುತ್ತೆ?" ಅಂದರು. "ಜ್ಯೂಸು, ಇಲ್ಲಾಂದ್ರೆ ಸಕ್ಕರೆ ಹಾಕಿದ ಹಾಲು" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ನಕ್ಕು, "ಬಾಯಾರಿಕೆಗೆ ನೀರು" ಅಂದರು. ಅಷ್ಟೇ. ಮನೆ ಸೇರುವವರೆಗೂ ಮುಖ ಬಿಸಿಯಾಗಿತ್ತು.

ನಾನು ಬೆಳೆದದ್ದು ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರು, ಲೆಕ್ಕಪತ್ರ ಬರೆಯುವವರು. ಕೂಲಿಯವರ ಲೈನ್ ಮನೆಗಳಲ್ಲಿ ಬೆಲ್ಲದ ಕಾಫಿ, ತೋಟದ ಸಾಹುಕಾರರ ಬಂಗಲೆಯಲ್ಲಿ ಸಕ್ಕರೆ ಕಾಫಿ. ನಾವು ನಡುವಿನವರು. ನಮಗೆ ಬೆಲ್ಲ, ನೆಂಟರಿಗೆ ಸಕ್ಕರೆ. ಸಾಹುಕಾರರ ಕಡೆಯವರು ಬಂದರಂತೂ ಅಮ್ಮ ಒಂದು ಚಮಚ ಜಾಸ್ತಿಯೇ ಸುರಿಯುತ್ತಿದ್ದಳು. ಕಡಿಮೆ ಹಾಕಿದರೆ ಬಡತನ ಕಾಣುತ್ತದಲ್ಲ! ಬಾಟಲಿ ಜ್ಯೂಸು ಇದ್ದದ್ದು ಬಂಗಲೆಯ ಫ್ರಿಜ್‌ನಲ್ಲಿ ಮಾತ್ರ. ಸಾಹುಕಾರರ ಮಗ ಸ್ಟ್ರಾ ಹಾಕಿ ಹೀರುವುದನ್ನು ನಾನು ಕಣದ ಅಂಚಿನಲ್ಲಿ ನಿಂತು ನೋಡಿದ್ದೇನೆ. ಆ ಸದ್ದು ಈಗಲೂ ನೆನಪಿದೆ.

ಹೋದ ವರ್ಷ ಕೊಯ್ಲಿನ ಹೊತ್ತಿಗೆ ಊರಿಗೆ ಹೋದರೆ ಎಲ್ಲ ತಿರುಗುಮುರುಗು. ಆ ಮಗನೇ ಈಗ ಸಾಹುಕಾರರು. "ನಿಮಗೂ ವಿತೌಟ್ ಅಲ್ವಾ?" ಅಂತ ಸಕ್ಕರೆಯಿಲ್ಲದ ಕರಿ ಕಾಫಿ ಕೊಟ್ಟರು. ಆವತ್ತು ಬಟವಾಡೆ. ಲೈನಿನ ಮಕ್ಕಳ ಕೈಯಲ್ಲೆಲ್ಲ ಹತ್ತು ರೂಪಾಯಿಯ ಬಣ್ಣದ ಬಾಟಲಿ. ಎರಡು ವರ್ಷದ ಕೂಸೂ ಒಂದನ್ನು ಚೀಪುತ್ತಿತ್ತು. ನಾನೂ ಆ ನರ್ಸ್ ತರಹ, "ನೀರು ಕೊಡಬಾರದೇನಮ್ಮ?" ಅಂದುಬಿಟ್ಟೆ. ಅದರ ತಾಯಿ, "ಸೈಕಲ್ ಕೇಳಿದ್ರೆ ಕೊಡ್ಸಕ್ಕಾಗಲ್ಲ ಅಣ್ಣಾ. ಇದೊಂದಾದ್ರೂ ಕೊಡ್ಸಬಹುದಲ್ಲ" ಅಂದಳು.

ನನ್ನ ಬಳಿ ಉತ್ತರವಿರಲಿಲ್ಲ. ಅರ್ಧ ಲೀಟರ್ ಕೋಲಾದಲ್ಲಿ ಸುಮಾರು 50 ಗ್ರಾಂ ಸಕ್ಕರೆ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೇ ದಿನಕ್ಕೆ ಹೆಚ್ಚುಕಮ್ಮಿ ಅಷ್ಟಕ್ಕೆ ಗಡಿ ಹಾಕಿದೆ ಅಂತ ಅವಳಿಗೆ ಹೇಳಲೇ? ಈ ಪಾನೀಯಗಳ ಮೇಲೆ ಶೇ. 40 ತೆರಿಗೆಯಿದೆ. ಆದರೂ ಹತ್ತು ರೂಪಾಯಿಗೆ ಒಂದು ಸಣ್ಣ ಬಾಟಲಿ ಸಿಗುತ್ತದೆ.

ನಮ್ಮೂರಿನ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ಸಕ್ಕರೆ ಬಂಗಲೆ ಬಿಟ್ಟು ಲೈನ್ ಮನೆ ಸೇರಿದ್ದನ್ನು ಯಾರೂ ಕೇಳಲಿಲ್ಲ. ಫಿನ್ಲೆಂಡಿನವರು ಕೇಳುತ್ತಾರೆ. 1980ರಲ್ಲಿ 3ರಿಂದ 18 ವರ್ಷದ ಸುಮಾರು 3,600 ಮಕ್ಕಳನ್ನು ಆರಿಸಿಕೊಂಡರು. ಹೃದಯದ ಕಾಯಿಲೆಯ ಬೇರು ಎಲ್ಲಿದೆ ಅಂತ ಹುಡುಕಲು ಊಟ ತಿಂಡಿಯ ಜೊತೆಗೆ ಅಪ್ಪ ಅಮ್ಮನ ಓದು, ಸಂಪಾದನೆಯನ್ನೂ ಬರೆದುಕೊಂಡರು. ಆ ಮಕ್ಕಳು ದೊಡ್ಡವರಾದ ಮೇಲೂ ಬಿಡಲಿಲ್ಲ. 1948ರಿಂದ ಇಲ್ಲಿ ಶಾಲೆಯ ಊಟ ಎಲ್ಲರಿಗೂ ಪುಕ್ಕಟೆ. ಕುಡಿಯಲು ಹಾಲು, ನೀರು. ಡಾಕ್ಟರ ಮಗನಿಗೂ ಬಸ್ ಡ್ರೈವರ್ ಮಗಳಿಗೂ ಅದೇ. ನಮ್ಮಲ್ಲೂ ಬಿಸಿಯೂಟವಿದೆ, ಕ್ಷೀರಭಾಗ್ಯವಿದೆ. ಆದರೆ ಸಾಹುಕಾರರ ಮೊಮ್ಮಗ ಆ ಸಾಲಿನಲ್ಲಿ ಕೂರುವುದಿಲ್ಲ.

ಹಾಗಂತ ಇದೇನು ಸ್ವರ್ಗವಲ್ಲ, ಒಪ್ಪಿಕೊಳ್ಳಬೇಕು. ಶುಕ್ರವಾರ ಸಂಜೆ ಅಂಗಡಿಯ ಗಾಡಿಗಳಲ್ಲಿ ಒಂದೂವರೆ ಲೀಟರ್ ಬಾಟಲಿಗಳು ಇಲ್ಲೂ ಉರುಳುತ್ತವೆ. ಬೇಸಿಗೆಯಲ್ಲಿ ಪಾರ್ಕಿನ ಕಸದ ಡಬ್ಬಿಗೆ ಕೈಹಾಕಿ ಖಾಲಿ ಬಾಟಲಿ ಆಯುವ ಮುದುಕರಿದ್ದಾರೆ. ಅರ್ಧ ಲೀಟರಿನ ಬಾಟಲಿ ವಾಪಸ್ ಕೊಟ್ಟರೆ 20 ಸೆಂಟ್ ಸಿಗುತ್ತದೆ.

ಊರಿನಿಂದ ಹೊರಡುವ ದಿನ ಬೆಳಿಗ್ಗೆ ಅಮ್ಮ ಕಾಫಿ ತಂದಳು. ಬಾಯಿಗಿಟ್ಟರೆ ಸಪ್ಪೆ. "ನೀನು ಅಲ್ಲಿ ಸಕ್ಕರೆ ಹಾಕ್ಕೊಳಲ್ವಂತಲ್ಲ ಮಗಾ, ನಿನ್ನ ಹೆಂಡ್ತಿ ಹೇಳಿದ್ಲು" ಅಂದಳು.

ಲೋಟ ಹಿಡಿದುಕೊಂಡು ನಾನೇ ಎದ್ದು ಹೋಗಿ ಸಕ್ಕರೆ ಡಬ್ಬ ಹುಡುಕಿದೆ.