ಕನ್ನಡಕ್ಕೆ ಒತ್ತು ಕೊಡದ ಬೋರ್ಡು

ಕಾಸರಗೋಡಿನ ನಮ್ಮ ಕಡೆಯ ಒಂದು ಕಚೇರಿಗೆ ಹೊಸ ಬೋರ್ಡು ಬಂದಿದೆ. ಕೆಂಪು ಅಕ್ಷರ ಓಡುವ ಬೋರ್ಡು. ಉದ್ದ ಒಂದು ಮಾರು, ಎತ್ತರ ಒಂದು ಗೇಣಿಗೂ ಕಮ್ಮಿ. ಊರಿನವರಿಗೆ ಬೇಕಾದ ಮಾಹಿತಿಯೆಲ್ಲ ಇನ್ನು ಇದರಲ್ಲೇ ಸಿಗುತ್ತದೆ ಎಂದು ಉದ್ಘಾಟನೆಯ ದಿನ ಹೇಳಿದ್ದರು. ಸುಳ್ಳಲ್ಲ, ಸಿಗುತ್ತದೆ. ಕಾಯಬೇಕು ಅಷ್ಟೆ.

ಮೊನ್ನೆ ಪಕ್ಕದ ಮನೆ ಮಾವನ ಜೊತೆ ಹೋಗಿದ್ದೆ. ಅವರಿಗೆ ವರಮಾನ ಸರ್ಟಿಫಿಕೇಟು ಬೇಕಿತ್ತು. ಕೌಂಟರಿನಲ್ಲಿ ಯಾರೂ ಇರಲಿಲ್ಲ. ಒಳಗಿದ್ದವರನ್ನು ಕೇಳಿದರೆ ತಲೆ ಎತ್ತದೆ ಬೋರ್ಡಿನ ಕಡೆ ಕೈ ತೋರಿಸಿದರು. ಸರಿ, ಬೆಂಚಿನಲ್ಲಿ ಕೂತೆವು.

ಮೊದಲು ಮಲಯಾಳದಲ್ಲಿ ಸ್ವಾಗತ. ಆಮೇಲೆ ಇಂಗ್ಲಿಷಿನಲ್ಲಿ ಸ್ವಾಗತ. ಆಮೇಲೆ ಬೋರ್ಡು ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು, ಎಲ್ಲರೂ ಹುದ್ದೆ ಸಮೇತ ಒಬ್ಬೊಬ್ಬರಾಗಿ ಓಡಿ ಹೋದರು. ಮದುವೆ ಕಾಗದದ ಕೆಳಗೆ ‘ಸುಖಾಗಮನ ಬಯಸುವವರು’ ಅಂತ ಇರುತ್ತದಲ್ಲ, ಅಷ್ಟು ಜನ. ನಡುವೆ ಒಂದು ತೆಂಗಿನಮರ ಬಂದು ಎರಡು ಸಲ ಮಿನುಗಿ ಹೋಯಿತು. ಅದು ಯಾಕೆ ಅಂತ ಗೊತ್ತಾಗಲಿಲ್ಲ. ಒಂದು ಸುತ್ತಿಗೆ ನಾಲ್ಕು ನಿಮಿಷ. ಕನ್ನಡದ ಪಾಲು ಕೊನೆಯ ಒಂಬತ್ತು ಸೆಕೆಂಡು. ಆ ಒಂಬತ್ತು ಸೆಕೆಂಡಿನಲ್ಲಿ ಮಾವ ಕನ್ನಡಕ ಒರೆಸುತ್ತಿದ್ದರು. ಮತ್ತೆ ನಾಲ್ಕು ನಿಮಿಷ.

1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. 1969ರ ಕೇರಳದ ಅಧಿಕೃತ ಭಾಷೆಗಳ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಕನ್ನಡದಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅಕ್ಷರ ಎಷ್ಟು ಎತ್ತರ ಇರಬೇಕು ಅಂತ ಮಾತ್ರ ಕಾಯ್ದೆ ಮಾಡಿದವರು ಬರೆಯಲಿಲ್ಲ. ಎಲ್ಲ ಎಡವಟ್ಟು ಅಲ್ಲೇ. ಇಂಗ್ಲಿಷಿನ ದೊಡ್ಡಕ್ಷರಕ್ಕೆ 5 ಚುಕ್ಕೆ ಅಗಲ, 7 ಚುಕ್ಕೆ ಎತ್ತರ ಸಾಕು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಈ ಬೋರ್ಡಿನಲ್ಲಿರುವುದು ಒಟ್ಟು 16 ಸಾಲು ಚುಕ್ಕೆ. ನಾನೇ ಎಣಿಸಿದೆ, ಬೇರೆ ಕೆಲಸ ಇರಲಿಲ್ಲ. ದೂರಕ್ಕೆ ಚೆನ್ನಾಗಿ ಕಾಣಲಿ ಅಂತ ಅಕ್ಷರವನ್ನು ಹಿಗ್ಗಿಸಿದ್ದಾರೆ. ಒತ್ತುಗಳೆಲ್ಲ ಚೌಕಟ್ಟಿನಿಂದ ಕೆಳಗೆ ಬಿದ್ದುಹೋಗಿವೆ.

ಹಾಗಾಗಿ ಉಪ್ಪಳ ಈಗ ಉಪಳ. ಮುಳ್ಳೇರಿಯ ಮುಳೇರಿಯ. ಕುಂಬ್ಳೆಯವರು ಕುಂಬೆಯವರಾದರು. ಬದಿಯಡ್ಕಕ್ಕೆ ಹೋಗಬೇಕಾದವರು ಬದಿಯಡದಲ್ಲೇ ಇಳಿಯಬೇಕು. ಪೆರ್ಲ ಒಂದು ಬಚಾವ್, ಅದರ ಅರ್ಕಾವೊತ್ತು ಸಾಲಿನಲ್ಲೇ ಕೂರುತ್ತದೆ. ಕನ್ನಡವೇ ‘ಕನಡ’ ಆಗಿರುವಾಗ ಊರುಗಳದ್ದು ಯಾವ ಲೆಕ್ಕ? ಕನ್ನಡಕ್ಕೆ ಒತ್ತು ಕೊಡಿ ಎಂದು ಪ್ರತಿ ನವೆಂಬರಿನಲ್ಲೂ ಭಾಷಣ ಮಾಡುವವರು ಒಮ್ಮೆ ಈ ಬೋರ್ಡಿನ ಕೆಳಗೆ ನಿಂತು ಮಾಡಲಿ.

ಮಲಯಾಳದವರು ಈ ವಿಷಯದಲ್ಲಿ ಹುಷಾರು. ಟೈಪ್‌ರೈಟರಿಗೆ ಒಗ್ಗಲಿ ಅಂತ 1971ರಲ್ಲೇ ತಮ್ಮ ಲಿಪಿಯ ಕೊಂಡಿಗಳನ್ನು ಬಿಡಿಸಿ ಸಾಲಾಗಿ ನಿಲ್ಲಿಸಿಕೊಂಡರು. ನಾವು ಒತ್ತನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡಿದ್ದೇವೆ.

“ಫೋನಿನಲ್ಲಿ ನೋಡುವ ಮಾರಾಯ” ಅಂದರು ಮಾವ. ನೋಡಿದೆವು. ಕಚೇರಿಯ ಪುಟ ತೆರೆದರೆ ಅಧಿಕಾರಿಗಳ ಫೋಟೋವೇ ಪರದೆ ತುಂಬ. ಉಳಿದದ್ದೆಲ್ಲ ಮೂಲೆಯ ಮೂರು ಗೆರೆಯ ಹಿಂದೆ. ಆ ಮೂರು ಗೆರೆ 1981ರಲ್ಲಿ ಅಮೆರಿಕದ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ ನಾರ್ಮ್ ಕಾಕ್ಸ್ ಎಂಬವರು ಬರೆದದ್ದು. ಆಮೇಲೆ ಲೋಕ ಅದನ್ನು ಹ್ಯಾಂಬರ್ಗರ್ ಅಂದಿತು. ಮಾವ ನೋಡಿದ್ದೇ “ವಿಭೂತಿ ಒತ್ತು” ಅಂದರು. ವಿಭೂತಿ ಒತ್ತಿದೆ. ಒಳಗೆ ಇನ್ನೊಂದು ವಿಭೂತಿ. ಅದರ ಒಳಗೆ ಒಂದು ಪಿಡಿಎಫ್.

ಪಿಡಿಎಫ್ ಅಂದರೆ ಎ4 ಕಾಗದ. 210 ಮಿಲಿಮೀಟರ್ ಅಗಲ. ಮಾವನ ಫೋನಿನ ಅಗಲ 70ರ ಆಸುಪಾಸು. 12 ಪಾಯಿಂಟಿನ ಅಕ್ಷರ 4 ಪಾಯಿಂಟಿಗೆ ಇಳಿಯಿತು, ಇರುವೆ ಸಾಲು ಹೋದ ಹಾಗೆ. ಬೆರಳಲ್ಲಿ ಎಳೆದು ಹಿಗ್ಗಿಸಿದರೆ ಸಾಲಿನ ತಲೆ ಕಂಡಾಗ ಬಾಲ ಇಲ್ಲ, ಬಾಲ ಕಂಡಾಗ ತಲೆ ಇಲ್ಲ. ಅದೂ ಅಡ್ಡ ಸ್ಕ್ಯಾನ್ ಮಾಡಿದ್ದು. ಫೋನು ತಿರುಗಿಸಿದರೆ ಪುಟವೂ ಜೊತೆಗೆ ತಿರುಗುತ್ತದೆ. ಕೊನೆಗೆ ಮಾವ ಫೋನನ್ನು ನನ್ನ ಕೈಗೆ ಕೊಟ್ಟು ತಮ್ಮ ಕತ್ತನ್ನೇ ತಿರುಗಿಸಿದರು. ತಾರೀಕು ಇದ್ದ ಜಾಗದ ಮೇಲೆ ಸರಿಯಾಗಿ ಗುಂಡು ಸೀಲು ಬಿದ್ದಿತ್ತು.

ಎಸ್ಸೆಮ್ಮೆಸ್ ಕಳಿಸಬಹುದಿತ್ತು ಅಂತೀರಾ? ಇಂಗ್ಲಿಷಾದರೆ ಒಂದಕ್ಕೆ 160 ಅಕ್ಷರ, ಕನ್ನಡಕ್ಕೆ 70. ಮುಳ್ಳೇರಿಯ ನಮ್ಮ ಕಣ್ಣಿಗೆ 4 ಅಕ್ಷರ. ಫೋನು ಒತ್ತು, ಕೊಂಬು, ಗುಡಿಸು ಎಲ್ಲ ಬಿಡಿಸಿ 9 ಅಂತ ಲೆಕ್ಕ ಹಾಕುತ್ತದೆ. ಇನ್ನು ‘ಸಾರ್ವಜನಿಕರ ಗಮನಕ್ಕೆ’ ಅಂತ ಶುರು ಮಾಡಿದರೆ ಗಮನ ಕೊಡುವಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಮಾವನ ಅಡುಗೆಮನೆಯಲ್ಲಿ ಒಂದು ಕ್ಯಾಲೆಂಡರ್ ಉಂಟು, ಮೊಳೆಗೆ ನೇತುಹಾಕಿದ್ದು. ಅದರ ಒಂದು ಚೌಕ ಬೆಂಕಿಪೊಟ್ಟಣದಷ್ಟು ದೊಡ್ಡದು. ಅಷ್ಟರಲ್ಲಿ ತಾರೀಕು, ತಿಥಿ, ನಕ್ಷತ್ರ, ತುಳು ತಿಂಗಳು, ಕೊಲ್ಲವರ್ಷದ ತಿಂಗಳು, ಹಿಜರಿ ದಿನ. ರಜೆ ಇದ್ದರೆ ಕೆಂಪು. ಮಿಕ್ಕಿದ ಮೂಲೆಯಲ್ಲಿ ಅತ್ತೆಯ ಹಾಲಿನ ಲೆಕ್ಕ, ಪೆನ್ಸಿಲಿನಲ್ಲಿ. ಏನೂ ಓಡುವುದಿಲ್ಲ, ಯಾವುದೂ ಮಿನುಗುವುದಿಲ್ಲ. ತೆಂಗಿನಮರವೂ ಇಲ್ಲ.

ಮೂರನೇ ಸುತ್ತಿನಲ್ಲಿ ಕನ್ನಡ ಬಂತು. ಮಾವ ಗಟ್ಟಿಯಾಗಿ ಓದಿದರು: “ಇಂದು ಸರ್ವರ್ ಇಲ. ನಾಳೆ ಬನಿ.”

“ಎಂತದು ಬನಿ?” ಅಂತ ಪಕ್ಕದ ಬೆಂಚಿನವರು ಕೇಳಿದರು. ಅಷ್ಟರಲ್ಲಿ ಪ್ಯೂನ್ ಹೊರಗೆ ಬಂದರು. ಎಲ್ಲರಿಗೂ ಉತ್ತರ ಹೇಳಿ ಸಾಕಾಗಿರಬೇಕು. ಬಿಸ್ಕೆಟ್ ಬಾಕ್ಸಿನ ರಟ್ಟು ಹರಿದು, ಸ್ಕೆಚ್ ಪೆನ್ನಿನಲ್ಲಿ ಮೂರು ಭಾಷೆಯಲ್ಲೂ ಒಂದೊಂದು ಸಾಲು ಬರೆದು, ಬೋರ್ಡಿನ ಕೆಳಗೆ ಹುರಿಹಗ್ಗದಲ್ಲಿ ಕಟ್ಟಿದರು. ‘ಬನ್ನಿ’ಯ ಒತ್ತು ದಪ್ಪಗೆ, ಚಂದಕ್ಕೆ ಇತ್ತು. ಎಲ್ಲರೂ ಓದಿ ಎದ್ದು ಹೋದರು. ಮೇಲೆ ಉದ್ಘಾಟಕರು ಓಡುತ್ತಲೇ ಇದ್ದರು.

ಸಂಜೆ ಆ ರಟ್ಟು ವಾರ್ಡಿನ ವಾಟ್ಸಾಪ್ ಗ್ರೂಪಿಗೂ ಬಂತು. ಯಾರೋ ಪುಣ್ಯಾತ್ಮರು ಫೋಟೋ ತೆಗೆದು ಪಿಡಿಎಫ್ ಮಾಡಿದ್ದರು. ಅಡ್ಡಕ್ಕೆ.